ಹಿರಿಯ ಮಗನಿಗೆ ಗಡಿಯಾರ, ಐದು ಗಿನಿ

ನಾನು ಮೊದಲ ಸಲ ಓದಿದ ಇಂಗ್ಲೆಂಡಿನ ಉಯಿಲು 1786ರದ್ದು. ಪೂರ್ವ ಸಸೆಕ್ಸ್‌ನ ಒಂದು ಹಳ್ಳಿಯ ಜಮೀನುದಾರ ಬರೆಸಿದ್ದು. ಅವನ ಹೆಸರು, ಊರಿನ ಹೆಸರು ಹೇಳುವುದಿಲ್ಲ. ಆ ಮನೆತನದವರು ಈಗಲೂ ಅಲ್ಲೇ ಇದ್ದಾರೆ, ನಮ್ಮ ಮನೆಗೆ ಮೊಟ್ಟೆ ಬರುವುದೂ ಅವರಿಂದಲೇ. ಓದಿ ಮುಗಿಸಿದ ರಾತ್ರಿ ಹೆಂಡತಿಗೆ ಹೇಳಿದೆ: "ಎಂಥಾ ಅಪ್ಪ ನೋಡು. ಹಿರಿಯ ಮಗನಿಗೆ ಒಂದು ಗಡಿಯಾರ, ಐದು ಗಿನಿ. ಅಷ್ಟೇ." ಗಿನಿ ಅಂದರೆ ಆಗಿನ ಚಿನ್ನದ ನಾಣ್ಯ. ನಾನು ಹೇಳಿದ್ದು ಪೂರ್ತಿ ತಪ್ಪು. ಅದು ಗೊತ್ತಾಗಲು ಎಂಟು ತಿಂಗಳು ಹಿಡಿಯಿತು.

ನನ್ನ ಕೆಲಸ ಐಟಿಯಲ್ಲಿ. ಇದು ಶನಿವಾರದ ಚಟ. ಊರಿನ ಚರಿತ್ರೆ ಕೆದಕುವ ಬಳಗದವರು ಹಳೇ ಕಾಗದ ಓದಲು ಜನ ಬೇಕು ಅಂದಾಗ ಸುಮ್ನೆ ಕೈ ಎತ್ತಿದ್ದೆ.

ಉಯಿಲು ಸಿಕ್ಕಿದ್ದೇ ಒಂದು ಕಥೆ. ಆ ಕಾಲದಲ್ಲಿ ಉಯಿಲುಗಳನ್ನು ಊರ್ಜಿತ ಮಾಡುತ್ತಿದ್ದುದು ಚರ್ಚಿನ ಕೋರ್ಟುಗಳು. 1858ರ ಜನವರಿ 12ರಿಂದ ಅದು ಸರ್ಕಾರದ ಕೋರ್ಟಿಗೆ ಹೋಯಿತು. ಸಸೆಕ್ಸ್‌ನವನು ಅಂತ ನಾನು ಅಲ್ಲಿನ ಲೂಯಿಸ್ ಪಟ್ಟಣದ ಕಡೆಯ ಚರ್ಚ್ ಕೋರ್ಟಿನ ಪಟ್ಟಿಯಲ್ಲೇ ವಾರಗಟ್ಟಲೆ ಹುಡುಕಿದೆ. ಇರಲಿಲ್ಲ. ಅವನ ಕುರಿಗಳು ಕೆಂಟ್‌ನ ರಾಮ್ನಿ ಮಾರ್ಷ್‌ನಲ್ಲಿ ಮೇಯುತ್ತಿದ್ದವು ಎಂದು ಬಳಗದ ಹಿರಿಯರೊಬ್ಬರು ಹೇಳಿದಾಗ ದಾರಿ ಸಿಕ್ಕಿತು. ಸಸೆಕ್ಸ್ ಬರುವುದು ಚಿಚೆಸ್ಟರ್ ಬಿಷಪ್‌ನ ವ್ಯಾಪ್ತಿಗೆ, ರಾಮ್ನಿ ಮಾರ್ಷ್ ಕ್ಯಾಂಟರ್‌ಬರಿಗೆ. ಎರಡು ಬಿಷಪ್‌ಗಳ ವ್ಯಾಪ್ತಿಯಲ್ಲಿ 5 ಪೌಂಡಿನಷ್ಟು ಸೊತ್ತು ಇದ್ದರೂ ಸಾಕು, ಉಯಿಲು ಮೇಲಿನ ಕೋರ್ಟಿಗೆ, ಅಂದರೆ ಕ್ಯಾಂಟರ್‌ಬರಿಯ ಪ್ರೆರೋಗೆಟಿವ್ ಕೋರ್ಟಿಗೆ ಹೋಗಬೇಕು. ಆ ಕೋರ್ಟಿನ ದಾಖಲೆ ಈಗ ಲಂಡನ್‌ನ ಕ್ಯೂದಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ. ಮನೆಯಲ್ಲೇ ಕೂತು ಇಳಿಸಿಕೊಂಡೆ. ಕುರಿಗಳು ದಾರಿ ತೋರಿಸಿದವು.

ಅಕ್ಷರ ನೋಡಿ ಬೆರಗಾದೆ. ರೈತನೊಬ್ಬ ಇಷ್ಟು ದುಂಡಗೆ ಬರೆಯುತ್ತಿದ್ದನಾ? ಆಮೇಲೆ ನೋಡಿದರೆ ಮೂವರು ಸಾಕ್ಷಿಗಳ ಸಹಿಯೂ ಅದೇ ಕೈಬರಹ! ಅದು ಮೂಲವಲ್ಲ, ಕೋರ್ಟಿನ ಗುಮಾಸ್ತ ದೊಡ್ಡ ಪುಸ್ತಕಕ್ಕೆ ಇಳಿಸಿಕೊಂಡ ನಕಲು. ಹೊಸಬರು ಎಲ್ಲರೂ ಎಡವುವ ಜಾಗ ಇದು.

ಓದಲು ನಾನು ಮಾಡಿದ ಉಪಾಯ ಸರಳ. ಇಂಥ ಉಯಿಲುಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ ಶುರುವಾಗುತ್ತವೆ: ದೇವರ ಹೆಸರಿನಲ್ಲಿ, ಆಮೆನ್, ಇಂಥ ಊರಿನ ಇಂಥವನಾದ ನಾನು, ನನ್ನ ಬುದ್ಧಿ ನೆನಪು ಸರಿಯಿದ್ದು ಬರೆಸಿದ್ದೇನೆಂದರೆ... ನಮ್ಮ ಕ್ರಯಪತ್ರಗಳ ಹಾಗೆ. ಆ ಸಾಲುಗಳಲ್ಲಿ ಏನಿರಬೇಕು ಅಂತ ಮೊದಲೇ ಗೊತ್ತಿರುವುದರಿಂದ ಗುಮಾಸ್ತನ ಒಂದೊಂದು ಅಕ್ಷರವನ್ನೂ ಅಲ್ಲಿಂದ ಕಲಿತು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡೆ. ಪದದ ನಡುವಿನ 'ಎಸ್' ಎಷ್ಟೋ ಕಡೆ 'ಎಫ್' ಥರ ಕಾಣುತ್ತದೆ. ಚುಕ್ಕಿ, ಅಲ್ಪವಿರಾಮ ಇಲ್ಲವೇ ಇಲ್ಲ. 'ಐಟಂ' ಎಂಬ ಪದ ಬಂತೆಂದರೆ ಮುಂದಿನ ಪಾಲು ಶುರುವಾಯಿತು ಅಂತ ಲೆಕ್ಕ. ಅಲ್ಲಲ್ಲಿ ಕೆಂಪು ಗೆರೆ ಎಳೆಯುತ್ತ ಹೋದೆ.

ಸಂಬಂಧಗಳಲ್ಲಿ ಮಾತ್ರ ಚೆನ್ನಾಗಿ ಮೋಸಹೋದೆ. 'ಸನ್ ಇನ್ ಲಾ'ಗೆ 20 ಪೌಂಡ್ ಅಂತಿತ್ತು. ಅಳಿಯ ಅಂತ ಬರೆದುಕೊಂಡೆ. ಆದರೆ ಇಬ್ಬರು ಹೆಣ್ಣುಮಕ್ಕಳೂ ಇನ್ನೂ ಚಿಕ್ಕವರು, ಅಳಿಯ ಎಲ್ಲಿಂದ ಬಂದ? ಚರ್ಚಿನ ಮದುವೆ ಪುಸ್ತಕ ತೆಗೆದು ನೋಡಿದರೆ ಅವನು ಹೆಂಡತಿಯ ಮೊದಲ ಗಂಡನ ಮಗ. ಆಗ ಮಲಮಗನಿಗೂ ಅದೇ ಪದ ಬಳಸುತ್ತಿದ್ದರು. ಭಾವ, ಭಾವಮೈದುನ, ಷಡ್ಡಕ ಅಂತ ಬೇರೆ ಬೇರೆ ಹೆಸರಿಟ್ಟುಕೊಂಡ ನಮಗೆ ಇದು ಸ್ವಲ್ಪ ಜಾಸ್ತಿನೇ ಕಷ್ಟ, ಅಲ್ವಾ?

ಸರಿ, ಉಯಿಲಿನಲ್ಲಿ ಇದ್ದದ್ದು ಇಷ್ಟು. ಹಿರಿಯ ಮಗನಿಗೆ ಗಡಿಯಾರ ಮತ್ತು ಐದು ಗಿನಿ. ಒಂದು ಗಿನಿಗೆ 21 ಷಿಲ್ಲಿಂಗ್, ಪೌಂಡಿಗೆ 20. ಹೆಣ್ಣುಮಕ್ಕಳಿಗೆ ತಲಾ 400 ಪೌಂಡ್, 21 ತುಂಬಿದಾಗ ಅಥವಾ ಮದುವೆಯಾದಾಗ. ಹೆಂಡತಿಗೆ ವರ್ಷಕ್ಕೆ 40 ಪೌಂಡ್, ಅವಳು ಮಲಗುವ ಹಾಸಿಗೆ ಮಂಚ, ಈಗಿರುವ ಮನೆಯ ಮಹಡಿಯ ಕೋಣೆ, ಒಲೆಗೆ ಸೌದೆ. ಇದೆಲ್ಲ ವಿಧವೆಯಾಗಿ ಇರುವ ತನಕ ಮಾತ್ರ. ಕಿರಿಯ ಮಗನ ಹೆಸರು ಒಂದೇ ಕಡೆ, ಒಂದು ಬೆಳ್ಳಿ ಲೋಟದ ಜೊತೆ. ಉಳಿದದ್ದೆಲ್ಲ, ಕುರಿ, ಹೊಲ, ಸಾಮಾನು, ಎರಡನೇ ಮಗನಿಗೆ. ಅವನೇ ಮುದ್ದಿನ ಮಗ ಅಂತ ನಾನು ತೀರ್ಮಾನಿಸಿಬಿಟ್ಟೆ.

ಮುಂದಿನದು ಫಾಲ್ಮರ್‌ನಲ್ಲಿರುವ 'ದ ಕೀಪ್' ದಾಖಲೆ ಕೇಂದ್ರದಲ್ಲಿ. ಅಲ್ಲಿ ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಚರ್ಮದ ಹಾಳೆಯ ಪತ್ರಗಳ ಒಂದು ಕಟ್ಟು ತರಿಸಿದೆ. ಬಿಚ್ಚಿದರೆ ಮೇಜಿನಷ್ಟು ಅಗಲ, ಬಿಟ್ಟರೆ ಮತ್ತೆ ಸುರುಳಿ. ಮೂರನೆಯದು ಹಿರಿಯ ಮಗನ ಮದುವೆಯ ಸಮಯದಲ್ಲಿ, 1779ರಲ್ಲಿ ಮಾಡಿದ ಸೆಟಲ್‌ಮೆಂಟ್. ದೊಡ್ಡ ಫಾರ್ಮ್, 180 ಎಕರೆ, ಅಪ್ಪ ಬದುಕಿರುವ ತನಕ ಅಪ್ಪನಿಗೆ, ಆಮೇಲೆ ಹಿರಿಯ ಮಗನಿಗೆ, ಅವನ ನಂತರ ಅವನಿಗೆ ಹುಟ್ಟುವ ಗಂಡುಮಗುವಿಗೆ. ಅದನ್ನು ಉಯಿಲಿನಲ್ಲಿ ಬರೆಯುವ ಹಕ್ಕೇ ಅಪ್ಪನಿಗೆ ಉಳಿದಿರಲಿಲ್ಲ. ಊರಲ್ಲಿ ಪಿತ್ರಾರ್ಜಿತ ಬೇರೆ, ಸ್ವಯಾರ್ಜಿತ ಬೇರೆ ಅಂತ ಕೇಳಿ ಬೆಳೆದವನು ನಾನು. ಕಾನೂನು ಬೇರೆಯಾದರೂ ವಿಷಯ ಥಟ್ಟನೆ ತಲೆಗೆ ಹೋಯಿತು. ಗಡಿಯಾರ ಅವಮಾನವಲ್ಲ, ಪ್ರೀತಿಯ ಕಾಣಿಕೆ.

ಎರಡನೆಯವನ ಪಾಡು ನೋಡಿ. ಅಪ್ಪ ಸ್ವಂತ ದುಡ್ಡಿನಲ್ಲಿ ಕೊಂಡ ಮೂರು ಹೊಲ ಅವನಿಗೆ ಬಂತು, ಜೊತೆಗೆ ತಂಗಿಯರ 800 ಪೌಂಡ್, ಅಮ್ಮನ 40, ಅಪ್ಪನ ಸಾಲ. ಎಲ್ಲವೂ ಆ ಹೊಲಗಳ ಮೇಲಿನ ಭಾರ. ಭೂತೆರಿಗೆ ಪಟ್ಟಿಗಳಲ್ಲಿ 1793ರ ತನಕ ಅವನ ಹೆಸರಿದೆ. ಆಮೇಲೆ ಅದೇ ಹೊಲಗಳ ಮುಂದೆ ಅಣ್ಣನ ಹೆಸರು.

ಬೆಳ್ಳಿ ಲೋಟದ ಹುಡುಗನದ್ದು ಕೊನೆಗೆ ಬಿಡಿಸಿದ ಗಂಟು. ವಾಸದ ಮನೆ, ಹಿಂದಿನ 22 ಎಕರೆ ಕಾಪಿಹೋಲ್ಡ್. ಅಂದರೆ ಯಜಮಾನಿಕೆ ಮೇನರ್‌ನ, ಅಂದರೆ ಜಹಗೀರಿನಂಥ ಜಮೀನಿನ, ದೊರೆಯದ್ದು, ಹಿಡುವಳಿ ಇವರದ್ದು. ಮೇನರ್ ಕೋರ್ಟಿನ ಪುಸ್ತಕದಲ್ಲಿ ಬರೆದದ್ದರ ನಕಲೇ ಹಕ್ಕುಪತ್ರ, ಹೆಸರು ಬಂದದ್ದೂ ಅದರಿಂದ. ಅಂಥ ಜಮೀನನ್ನು ಉಯಿಲಿನ ಮೂಲಕ ಕೊಡಬೇಕಾದರೆ ಬದುಕಿರುವಾಗಲೇ ಆ ಕೋರ್ಟಿನಲ್ಲಿ ಅದಕ್ಕೆಂದು ಒಪ್ಪಿಸಬೇಕಿತ್ತು. 1815ರಲ್ಲಿ ಈ ಕಟ್ಟುಪಾಡು ಹೋಯಿತು, ಅಪ್ಪ ಸತ್ತದ್ದು 1788ರಲ್ಲಿ. ಒಪ್ಪಿಸಿದ ದಾಖಲೆ ಇಲ್ಲ. ಹಾಗಾಗಿ ಮೇನರ್‌ನ ಪದ್ಧತಿಯಂತೆ ಹೋಗಬೇಕು. ಇಂಗ್ಲೆಂಡಿನಲ್ಲಿ ಎಲ್ಲ ಕಡೆ ಹಿರಿಯ ಮಗನಿಗೇ ಅಂದುಕೊಂಡಿದ್ದೆ. ಸಸೆಕ್ಸ್‌ನ ಎಷ್ಟೋ ಮೇನರ್‌ಗಳಲ್ಲಿ ಕಿರಿಯ ಮಗನಿಗೆ! ಬರೋ ಇಂಗ್ಲಿಷ್ ಅಂತ ಆ ಪದ್ಧತಿಯ ಹೆಸರು. ಅಪ್ಪ ಮರೆತು ಬಿಟ್ಟಿದ್ದಲ್ಲ, ಗೊತ್ತಿದ್ದೇ ಬಿಟ್ಟಿದ್ದು ಅಂತ ನನ್ನ ನಂಬಿಕೆ.

ಕೋರ್ಟಿನ ಪುಸ್ತಕದಲ್ಲಿ ಆ ದಿನದ ಬರಹ ಹನ್ನೊಂದು ಸಾಲು. 1733ರ ನಂತರದ್ದಾದ್ದರಿಂದ ಲ್ಯಾಟಿನ್ ಅಲ್ಲ, ಇಂಗ್ಲಿಷ್. ಹಿಡುವಳಿದಾರ ತೀರಿಕೊಂಡ. ಅವನ ಕೊಟ್ಟಿಗೆಯ ಎಲ್ಲಕ್ಕಿಂತ ಒಳ್ಳೆಯ ಪ್ರಾಣಿ ದೊರೆಗೆ ಸೇರಬೇಕಾದ್ದರಿಂದ ಒಂದು ಕೆಂಪು ಎತ್ತು ಹಿಡಿಯಲಾಯಿತು. ಕಿರಿಯ ಮಗ ಬಂದು ಹಿಡುವಳಿ ಪಡೆದ, ವಯಸ್ಸು ಒಂಬತ್ತು. ದೊಡ್ಡವನಾಗುವ ತನಕ ತಾಯಿಯೇ ಪೋಷಕಿ.

ಇಲ್ಲಿ ನಾನು ಪೆನ್ಸಿಲ್ ಕೆಳಗಿಟ್ಟೆ. ಗಂಡ ಉಯಿಲಿನಲ್ಲಿ ಕೊಟ್ಟಿದ್ದು ಮಹಡಿಯ ಒಂದು ಕೋಣೆ. ಮಗನ ಹೆಸರಿನಲ್ಲಿ ಅವಳ ಕೈಗೆ ಬಂದದ್ದು ಇಡೀ ಮನೆ, 22 ಎಕರೆ. 1791ರಲ್ಲಿ ಅವಳು ಮತ್ತೆ ಮದುವೆಯಾದಳು, ಚರ್ಚಿನ ಪುಸ್ತಕದಲ್ಲಿದೆ. 40 ಪೌಂಡ್ ನಿಂತಿತು. ಮನೆ ಬಿಟ್ಟು ಹೋಗಲಿಲ್ಲ.