ನೀರು ಬೇಕೇ ಎಂದು ಸೆನ್ಸರ್ ಹೇಳಲಿ, ಎಷ್ಟು ಎಂದು ತಕ್ಕಡಿ ಹೇಳಲಿ

ಪ್ರೋಗ್ರಾಂ ಬರೆಯುವವರು ಹವ್ಯಾಸಕ್ಕೆಂದು ಸೋಲ್ಡರಿಂಗ್ ಐರನ್ ಕೈಗೆತ್ತಿಕೊಂಡರೆ ಬಹುಪಾಲು ಮೊದಲು ಕೈಹಾಕುವುದು ಕುಂಡಕ್ಕೆ ತಾನಾಗಿ ನೀರು ಹಾಕುವ ಸಾಧನಕ್ಕೆ. ನೋಡಲು ಎರಡು ಸಾಲಿನ ಕೋಡು: ಮಣ್ಣು ಒಣಗಿದ್ದರೆ ಪಂಪು ಚಾಲೂ, ಹಸಿಯಾದರೆ ಬಂದ್. ಎಡವಟ್ಟು ಇರುವುದೇ ಆ ಎರಡು ಸಾಲಿನಲ್ಲಿ. ಮೇಲೆ ಸುರಿದ ನೀರು ಸೆನ್ಸರ್ ಇರುವ ಆಳಕ್ಕೆ ಇಳಿಯಲು ಹತ್ತು ನಿಮಿಷ ಬೇಕಾಗಬಹುದು, ಅರ್ಧ ಗಂಟೆಯೂ ಆಗಬಹುದು. ಅಲ್ಲಿಯವರೆಗೆ ಸೆನ್ಸರ್ ‘ಒಣಗಿದೆ, ಒಣಗಿದೆ’ ಎಂದೇ ಹೇಳುತ್ತದೆ, ಪಂಪು ಓಡುತ್ತಲೇ ಇರುತ್ತದೆ. ಹಸಿಯಾಯಿತು ಎಂಬ ಸುದ್ದಿ ಬರುವ ಹೊತ್ತಿಗೆ ನೆಲವೆಲ್ಲ ಕೆಸರು.

ಹಾಗಾಗಿ ನಾನು ಸೆನ್ಸರಿಗೆ ಕೇಳುವುದು ಒಂದೇ ಪ್ರಶ್ನೆ: ಈಗ ನೀರು ಬೇಕೇ, ಬೇಡವೇ? ಎಷ್ಟು ಎಂಬುದನ್ನು ಅದರ ಕೈಗೆ ಕೊಟ್ಟಿಲ್ಲ. ಬೇಕು ಎಂದರೆ ಮೊದಲೇ ಅಳೆದಿಟ್ಟ ಒಂದು ಪಾಲು ಹೋಗುತ್ತದೆ. ನನ್ನ 20 ಸೆಂಟಿಮೀಟರ್ ಅಗಲದ ಪುದೀನ ಕುಂಡಕ್ಕೆ ಅದು 150 ಮಿಲಿಲೀಟರ್. ಆಮೇಲೆ 40 ನಿಮಿಷ ಪಂಪಿಗೆ ರಜೆ. ಮತ್ತೆ ಅಳೆದಾಗ ಇನ್ನೂ ಒಣಗಿದ್ದರೆ ಎರಡನೇ ಪಾಲು. ದಿನಕ್ಕೆ ಎರಡು ದಾಟುವಂತಿಲ್ಲ. ಎರಡು ಪಾಲು ಹೋದ ಮೇಲೂ ಸೆನ್ಸರಿನ ರೀಡಿಂಗ್ (ಹಸಿಯಾದಂತೆ ಇದು ಇಳಿಯುತ್ತದೆ) ಕನಿಷ್ಠ 50 ಮಿಲಿವೋಲ್ಟ್‌ನಷ್ಟು ಇಳಿಯದಿದ್ದರೆ ಪಂಪಿಗೆ ಬೀಗ ಬಿದ್ದು ಫೋನಿಗೆ ಸಂದೇಶ ಬರುತ್ತದೆ. ಕೊಳವೆ ಕಳಚಿರಬೇಕು, ತೊಟ್ಟಿ ಬರಿದಾಗಿರಬೇಕು, ಇಲ್ಲವೇ ಸೆನ್ಸರ್ ಮಣ್ಣಿನಿಂದ ಎದ್ದಿರಬೇಕು. ಮೂರರಲ್ಲಿ ಯಾವುದಕ್ಕೂ ಇನ್ನಷ್ಟು ನೀರು ಮದ್ದಲ್ಲ.

ಬೇಕಾದ ಸಾಮಾನು ಹೆಚ್ಚೇನಿಲ್ಲ: ಒಂದು ಇಎಸ್‌ಪಿ32 ಬೋರ್ಡು (ವೈಫೈ ಇರುವ, ನಮ್ಮ ಕೋಡು ಓಡಿಸುವ ಪುಟ್ಟ ಕಂಪ್ಯೂಟರು), ಕೆಪ್ಯಾಸಿಟಿವ್ ಮಣ್ಣಿನ ಸೆನ್ಸರ್, ನೀರಲ್ಲಿ ಮುಳುಗಿಸುವ 5 ವೋಲ್ಟ್‌ನ ಪುಟ್ಟ ಪಂಪು, ಪಂಪಿಗೆ ಸ್ವಿಚ್ಚಿನಂತೆ ಕೆಲಸ ಮಾಡುವ ಐಆರ್‌ಎಲ್‌ಜೆಡ್44ಎನ್ ಮಾಸ್‌ಫೆಟ್, 1ಎನ್4007 ಡಯೋಡು, 220 ಓಮ್ ಮತ್ತು 10 ಕಿಲೋಓಮ್ ರೆಸಿಸ್ಟರುಗಳು ಒಂದೊಂದು, 1000 ಮೈಕ್ರೋಫ್ಯಾರಡ್ ಕೆಪ್ಯಾಸಿಟರು, 5 ವೋಲ್ಟ್ 2 ಆಂಪ್ ಅಡಾಪ್ಟರು, ಒಂದೂವರೆ ಮೀಟರ್ ಕಪ್ಪು ಕೊಳವೆ, ಮುಚ್ಚಳವಿರುವ 2 ಲೀಟರಿನ ಡಬ್ಬಿ. ಕೊಳವೆ, ಡಬ್ಬಿ ಎರಡೂ ಬೆಳಕು ತೂರದಂತಿರಲಿ. ಪಾರದರ್ಶಕವಾಗಿದ್ದರೆ ಕೆಲವೇ ವಾರಗಳಲ್ಲಿ ಒಳಗೆ ಪಾಚಿ ಕಟ್ಟುತ್ತದೆ. ಮುಚ್ಚಳವಂತೂ ಸೊಳ್ಳೆಯ ಕಾರಣಕ್ಕೇ ಬೇಕು.

ಸೆನ್ಸರ್ ಆರಿಸುವಾಗ

ಎರಡು ಲೋಹದ ಕಡ್ಡಿ ಚುಚ್ಚಿ ಮಣ್ಣಿನ ರೋಧ ಅಳೆಯುವ ಅಗ್ಗದ ಸೆನ್ಸರ್ ಬೇಡವೇ ಬೇಡ. ಹಸಿ ಮಣ್ಣಿನಲ್ಲಿ ಒಂದೇ ದಿಕ್ಕಿಗೆ ಕರೆಂಟು ಹರಿದರೆ ವಿದ್ಯುದ್ವಿಭಜನೆ ನಡೆದು ಒಂದು ಕಡ್ಡಿ ಕರಗುತ್ತ ಹೋಗುತ್ತದೆ. ಸದಾ ಚಾಲೂ ಇಟ್ಟರೆ ವಾರಗಳಲ್ಲೇ ಕೆಲಸ ಮುಗಿಯಿತು. ಕೆಪ್ಯಾಸಿಟಿವ್ ಸೆನ್ಸರಿನಲ್ಲಿ ಲೋಹ ಮಣ್ಣಿಗೆ ತಾಗುವುದೇ ಇಲ್ಲ. ಆದರೆ ಇದರಲ್ಲೂ ಕೆಟ್ಟ ಬೋರ್ಡುಗಳಿವೆ, ಮಣ್ಣಿಗೆ ಹಾಕುವ ಮೊದಲು ಮೂರು ಸಂಗತಿ ನೋಡಬೇಕು.

ಮೊದಲನೆಯದು ಮೇಲಿರುವ ಚಿಪ್ಪಿನ ಹೆಸರು. ಟಿಎಲ್‌ಸಿ555 ಎಂದಿದ್ದರೆ 3.3 ವೋಲ್ಟ್‌ನಲ್ಲಿ ನಿರಾಳವಾಗಿ ನಡೆಯುತ್ತದೆ. ಎನ್‌ಇ555 ಎಂದಿದ್ದರೆ ಅದಕ್ಕೆ ಕನಿಷ್ಠ 4.5 ವೋಲ್ಟ್ ಬೇಕು, 3.3ಕ್ಕೆ ಜೋಡಿಸಿದರೆ ಬರುವ ಅಂಕಿಗಳನ್ನು ನಂಬುವಂತಿಲ್ಲ. ಎರಡನೆಯದು ಬೋರ್ಡಿನ ಮೇಲಿನ 1 ಮೆಗಾಓಮ್ ರೆಸಿಸ್ಟರ್. ಕೆಲವು ಬೋರ್ಡುಗಳಲ್ಲಿ ಅದರ ಒಂದು ತುದಿ ಗ್ರೌಂಡಿಗೆ ಸೇರಿಯೇ ಇರುವುದಿಲ್ಲ. ಪತ್ತೆ ಹಚ್ಚುವುದು ಸುಲಭ: ಗಾಳಿಯಲ್ಲಿ ಹಿಡಿದು ರೀಡಿಂಗ್ ನೋಡಿ, ಆಮೇಲೆ ಲೋಟದ ನೀರಿಗೆ ಗೆರೆಯವರೆಗೆ ಅದ್ದಿ. ಅಂಕಿ ತಟ್ಟನೆ ಇಳಿಯಬೇಕು. ಹತ್ತಾರು ಸೆಕೆಂಡು ತೆವಳುತ್ತ ಇಳಿದರೆ ದೋಷ ಅದೇ. ಬದಲಿಸಿಕೊಳ್ಳಿ, ಇಲ್ಲವೇ ಔಟ್‌ಪುಟ್ ಮತ್ತು ಗ್ರೌಂಡ್ ನಡುವೆ 1 ಮೆಗಾಓಮ್ ಹಾಕಿ ಬೆಸೆಯಿರಿ.

ಮೂರನೆಯದು ಅಂಚು. ಬೋರ್ಡು ಕತ್ತರಿಸಿದ ಕಡೆ ಒಳಗಿನ ನಾರು ಬಯಲಾಗಿರುತ್ತದೆ, ಅದು ದಿನದಿಂದ ದಿನಕ್ಕೆ ನೀರು ಹೀರುತ್ತದೆ. ಮಣ್ಣು ಅಷ್ಟೇ ಒಣಗಿದ್ದರೂ ಸೆನ್ಸರ್ ಹೆಚ್ಚು ಹಸಿ ತೋರಿಸುತ್ತ ಹೋಗುತ್ತದೆ, ಗಿಡ ಸೊರಗುತ್ತದೆ. ಉಗುರುಬಣ್ಣವನ್ನು ಅಂಚಿಗೆ ಮೂರು ಬಾರಿ, ಪ್ರತಿ ಸಲ ಒಣಗಲು ಬಿಟ್ಟು, ಬಳಿದರೆ ಸಾಕು. ಎಪಾಕ್ಸಿ ಇನ್ನೂ ಗಟ್ಟಿ, ಆದರೆ ಮೈಮೇಲೆ ದಪ್ಪಗೆ ಕೂತರೆ ಸೂಕ್ಷ್ಮತೆ ಕಡಿಮೆಯಾಗುತ್ತದೆ. ಚಿಪ್ಪಿರುವ ಮೇಲ್ಭಾಗಕ್ಕೆ ಹೀಟ್‌ಶ್ರಿಂಕ್ ಕೊಳವೆ ಹಾಕಿ ಬಿಸಿ ಮಾಡಿ ಬಿಗಿದಿದ್ದೇನೆ.

ಇಎಸ್‌ಪಿ32ರಲ್ಲಿ ಸೆನ್ಸರ್ ತಂತಿ ಎಲ್ಲಿಗೆ ಎಂಬುದೂ ಮುಖ್ಯ. ವೋಲ್ಟೇಜನ್ನು ಅಂಕಿಯಾಗಿಸುವ ಎಡಿಸಿ ಎಂಬ ಭಾಗ ಅದರಲ್ಲಿ ಎರಡಿವೆ. 32ರಿಂದ 39ರವರೆಗಿನ ಪಿನ್ನುಗಳು ಎಡಿಸಿ1ಕ್ಕೆ ಸೇರಿದವು, ಅವೇ ಬೇಕು. ಎಡಿಸಿ2ರ ಪಿನ್ನಿಗೆ ಕೊಟ್ಟರೆ ವೈಫೈ ಚಾಲೂ ಆದಾಗ ಅದು ಓದಲು ಸಿಗುವುದಿಲ್ಲ. ಮೇಜಿನ ಮೇಲೆ ಪರೀಕ್ಷೆ ಮಾಡುವಾಗ ಸರಿಯಿದ್ದದ್ದು ನೆಟ್‌ವರ್ಕ್ ಸೇರಿಸಿದ ದಿನ ಕೈಕೊಡುವುದು ಇದರಿಂದಲೇ. ನಾನು 34ನ್ನು ಬಳಸಿದ್ದೇನೆ. 0ಯಿಂದ 4095ರ ಕಚ್ಚಾ ಅಂಕಿಯ ಬದಲು ಮಿಲಿವೋಲ್ಟ್ ಕೊಡುವ ಫಂಕ್ಷನ್ ಕರೆಯುವುದು ಒಳ್ಳೆಯದು, ಚಿಪ್ಪಿಗೆ ಕಾರ್ಖಾನೆಯಲ್ಲೇ ಮಾಡಿದ ತಿದ್ದುಪಡಿ ಅದರಲ್ಲಿ ಸೇರಿರುತ್ತದೆ. ವೈಫೈ ಶುರುವಾಗುವ ಮುನ್ನ 15 ಸಲ ಓದಿ, ಏರಿಕೆಯ ಕ್ರಮದಲ್ಲಿ ಜೋಡಿಸಿ, ನಡುವಿನ ಐದರ ಸರಾಸರಿ ಹಿಡಿಯುತ್ತೇನೆ. ಎಲ್ಲದರ ಸರಾಸರಿ ಹಿಡಿದರೆ ಒಂದೇ ಒಂದು ಹುಚ್ಚು ಅಂಕಿ ಫಲಿತಾಂಶವನ್ನು ಎಳೆದಾಡುತ್ತದೆ.

ತಕ್ಕಡಿಯಿಂದ ಬರುವ ಅಂಕಿ

ಸೆನ್ಸರನ್ನು ಗಾಳಿಯಲ್ಲಿ ಹಿಡಿದಾಗ 0, ನೀರಲ್ಲಿ ಅದ್ದಿದಾಗ 100 ಎಂದು ಶೇಕಡಾ ಲೆಕ್ಕ ಮಾಡುವ ಕೋಡು ಎಲ್ಲೆಡೆ ಇದೆ. ಗಿಡ ಗಾಳಿಯಲ್ಲೂ ಇರುವುದಿಲ್ಲ, ಲೋಟದಲ್ಲೂ ಇರುವುದಿಲ್ಲ. ಆ ಶೇಕಡಾ ಯಾವ ಮಣ್ಣಿಗೂ ಸಲ್ಲುವುದಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದಕ್ಕಿಂತ ಎಷ್ಟೋ ನಿಜ ಹೇಳುತ್ತದೆ. ಒಂದು ಮಿಲಿಲೀಟರ್ ನೀರು ಎಂದರೆ ಒಂದು ಗ್ರಾಂ, ಬೇರೆ ಲೆಕ್ಕವೇ ಬೇಡ.

ಕುಂಡಕ್ಕೆ ತಳದಿಂದ ಸೋರುವಷ್ಟು ನೀರು ಹಾಕಿ, ಒಂದು ಗಂಟೆ ಬಸಿಯಲು ಬಿಟ್ಟು, ತೂಗಿ. ನನ್ನದು 3,400 ಗ್ರಾಂ, ಆಗ ಸೆನ್ಸರ್ 1,350 ಮಿಲಿವೋಲ್ಟ್. ಹಸಿ ಹೆಚ್ಚಿದಷ್ಟೂ ವೋಲ್ಟೇಜು ಇಳಿಯುತ್ತದೆ ಎಂಬುದು ನೆನಪಿರಲಿ, ಕೋಡಿನಲ್ಲಿ ಚಿಹ್ನೆ ತಿರುಗಿಸಿ ಬರೆಯುವ ತಪ್ಪು ಬಲು ಸಾಮಾನ್ಯ. ಆಮೇಲೆ ನೀರು ಹಾಕದೆ ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ತೂಕ ಮತ್ತು ಮಿಲಿವೋಲ್ಟ್ ಬರೆದಿಡಬೇಕು. ಹೊತ್ತು ಒಂದೇ ಇರಬೇಕಾದದ್ದು ಏಕೆಂದರೆ ಬಿಸಿಲೇರಿದಂತೆ ಸೆನ್ಸರಿನ ಅಂಕಿ ತಾನೂ ಜಾರುತ್ತದೆ, ಅದನ್ನು ಮಣ್ಣಿನ ಬದಲಾವಣೆ ಎಂದುಕೊಳ್ಳಬಾರದು. ನನ್ನ ಕುಂಡ ದಿನಕ್ಕೆ 120ರಿಂದ 140 ಗ್ರಾಂ ಕಳೆದುಕೊಳ್ಳುತ್ತಿತ್ತು. 150 ಮಿಲಿಲೀಟರಿನ ಪಾಲು ಬಂದದ್ದು ಇಲ್ಲಿಂದ, ಊಹೆಯಿಂದಲ್ಲ. ಎಲೆ ಜೋಲುವ ಮುನ್ನಾದಿನ ಸೆನ್ಸರ್ 2,050 ತೋರಿಸಿತು. ಹಾಗಾಗಿ 1,900 ದಾಟಿದರೆ ‘ಬೇಕು’, 1,700ಕ್ಕಿಂತ ಕೆಳಗೆ ಬಂದರೆ ‘ಸಾಕು’. ನಡುವಿನ 200 ಸುಮ್ಮನೆ ಬಿಟ್ಟ ಅಂತರ. ಒಂದೇ ಗಡಿ ಇಟ್ಟರೆ ಅದರ ಆಚೀಚೆ ಅಂಕಿ ತೂಗಾಡಿದಾಗಲೆಲ್ಲ ನಿರ್ಧಾರವೂ ತೂಗಾಡುತ್ತದೆ.

ಈ ಅಂಕಿಗಳನ್ನು ನಕಲು ಮಾಡಿಕೊಳ್ಳಬೇಡಿ. ಮಣ್ಣಿನ ಮಿಶ್ರಣ ಬದಲಾದರೆ ಎಲ್ಲವೂ ಬದಲು. ಗೊಬ್ಬರದ ಲವಣ ಹೆಚ್ಚಿದರೂ ಅಂಕಿ ಸರಿಯುತ್ತದೆ. ಸೆನ್ಸರನ್ನು ಅಲ್ಲಾಡಿಸಿದರಂತೂ ಸುತ್ತ ಗಾಳಿಯ ಸಂದು ಬಿದ್ದು ಒಣಗಿದೆ ಎಂದೇ ಓದುತ್ತದೆ, ಅದಕ್ಕೇ ಚುಚ್ಚಿದ ಮೇಲೆ ಸುತ್ತಲಿನ ಮಣ್ಣನ್ನು ಬೆರಳಿನಿಂದ ಒತ್ತಿ ಬಿಗಿ ಮಾಡಬೇಕು. ತೆಂಗಿನ ನಾರಿನ ಪುಡಿಯದು ಇನ್ನೊಂದು ಚಾಳಿ: ತೀರಾ ಒಣಗಿದರೆ ಅದು ನೀರನ್ನು ಒಳಕ್ಕೆ ಬಿಡುವುದೇ ಇಲ್ಲ, ನೀರು ಕುಂಡದ ಗೋಡೆಯ ಬದಿಯಿಂದ ಜಾರಿ ತಟ್ಟೆಗೆ ಸೇರುತ್ತದೆ. ಅದು ಹೆಚ್ಚಿರುವ ಕುಂಡಕ್ಕೆ 150ನ್ನು ಒಂದೇ ಉಸಿರಿಗೆ ಬಿಡದೆ ಐದೈದು ನಿಮಿಷ ಬಿಟ್ಟು ಮೂರು ಕಂತಿನಲ್ಲಿ ಕೊಡುವುದು ಮೇಲು.

ಪಂಪಿನ ಡಬ್ಬದ ಮೇಲೆ ಗಂಟೆಗೆ 120 ಲೀಟರ್ ಎಂದು ಬರೆದಿರಬಹುದು. ಕೊಳವೆ ತೆಳುವಾಗಿ, ನೀರು ಮೇಲಕ್ಕೆ ಏರಬೇಕಾದಾಗ ಅಷ್ಟು ಬರುವುದಿಲ್ಲ. ಕೊಳವೆಯನ್ನು ಅದರ ಕೊನೆಯ ಜಾಗದಲ್ಲೇ ಕಟ್ಟಿ, ಅಳತೆ ಪಾತ್ರೆಗೆ ಬಿಟ್ಟು, ಐದು ಸಲ ಅಳೆಯಿರಿ. ಡಬ್ಬಿ ತುಂಬಿದ್ದಾಗ ಒಮ್ಮೆ, ಮುಕ್ಕಾಲು ಖಾಲಿಯಾದಾಗ ಇನ್ನೊಮ್ಮೆ. ಹತ್ತು ಸೆಕೆಂಡಿಗೆ ಇಷ್ಟು ಬಂತು, ಐದಕ್ಕೆ ಅದರರ್ಧ ಎಂದು ಭಾಗಿಸಬೇಡಿ. ಶುರುವಿನ ಸ್ವಲ್ಪ ಹೊತ್ತು ಖಾಲಿ ಕೊಳವೆ ತುಂಬುವುದಕ್ಕೇ ಹೋಗುತ್ತದೆ. ಕಂತಿನಲ್ಲಿ ಕೊಡುವವರು ಕಂತಿನ ಸೆಕೆಂಡುಗಳನ್ನೇ ಬೇರೆಯಾಗಿ ಅಳೆಯಬೇಕು.

ಪಂಪು ಮತ್ತು ಬೋರ್ಡು ಜಗಳವಾಡದಂತೆ

ಪಂಪನ್ನು ಬೋರ್ಡಿನ ಪಿನ್ನಿಗೆ ನೇರವಾಗಿ ಕಟ್ಟುವಂತಿಲ್ಲ, ನಡುವೆ ಮಾಸ್‌ಫೆಟ್ ಬೇಕು. ರೆಡಿಮೇಡ್ ಮಾಡ್ಯೂಲುಗಳಲ್ಲಿ ಹೆಚ್ಚಾಗಿ ಸಿಗುವ ಐಆರ್‌ಎಫ್520 ಇಲ್ಲಿಗೆ ತಕ್ಕದ್ದಲ್ಲ: ಪೂರ್ತಿ ತೆರೆಯಲು ಅದಕ್ಕೆ ಗೇಟಿನಲ್ಲಿ, ಅಂದರೆ ಅದನ್ನು ತೆರೆದು ಮುಚ್ಚಿಸುವ ಕಾಲಿನಲ್ಲಿ, 10 ವೋಲ್ಟ್ ಬೇಕು, ಇಎಸ್‌ಪಿ32 ಕೊಡುವುದು 3.3. ಅರ್ಧ ತೆರೆದ ಮಾಸ್‌ಫೆಟ್ ಬಿಸಿಯಾಗುತ್ತದೆ, ಪಂಪು ಗುಂಯ್‌ಗುಡುತ್ತದೆ, ನೀರು ಬರುವುದಿಲ್ಲ. ಐಆರ್‌ಎಲ್‌ಜೆಡ್44ಎನ್ ಕಡಿಮೆ ವೋಲ್ಟೇಜಿಗೆ ತೆರೆಯುವ ಜಾತಿ. ಕೆಲವು ನೂರು ಮಿಲಿಆಂಪ್ ಎಳೆಯುವ ಪುಟ್ಟ ಪಂಪಿಗೆ ಧಾರಾಳ.

ಪಿನ್ನು 25ರಿಂದ ಗೇಟಿಗೆ 220 ಓಮ್, ಗೇಟಿನಿಂದ ಗ್ರೌಂಡಿಗೆ 10 ಕಿಲೋಓಮ್. ಈ ಎರಡನೆಯದನ್ನು ‘ಇಲ್ಲದಿದ್ದರೂ ನಡೆಯುತ್ತದಲ್ಲ’ ಎಂದು ಬಿಡುವವರೇ ಹೆಚ್ಚು. ಬೋರ್ಡು ಎಚ್ಚರಗೊಳ್ಳುವ ಆ ಕ್ಷಣದಲ್ಲಿ ಪಿನ್ನು ಅತ್ತಲೂ ಇಲ್ಲ ಇತ್ತಲೂ ಇಲ್ಲ. ಗೇಟನ್ನು ಕೆಳಗೆ ಹಿಡಿದಿಡಲು ಯಾರೂ ಇರದಿದ್ದರೆ ಪಂಪು ತನ್ನಿಷ್ಟಕ್ಕೆ ಓಡಬಹುದು. ಪಿನ್ನು 12ಕ್ಕೆ ಮಾತ್ರ ಏನನ್ನೂ ಕಟ್ಟಬೇಡಿ. ಶುರುವಿನಲ್ಲಿ ಅದು ಮೇಲಿದ್ದರೆ ಫ್ಲ್ಯಾಶ್ ಮೆಮರಿಯ ವೋಲ್ಟೇಜನ್ನೇ ತಪ್ಪಾಗಿ ಆರಿಸಿಕೊಂಡು ಬೋರ್ಡು ಏಳುವುದೇ ಇಲ್ಲ. ಡಯೋಡು ಪಂಪಿನ ಎರಡು ತಂತಿಗಳಿಗೆ ಅಡ್ಡಲಾಗಿ, ಬೆಳ್ಳಿ ಪಟ್ಟೆಯಿರುವ ತುದಿ ಧನ (+) ತಂತಿಗೆ. ತಿರುಗಿಸಿ ಹಾಕಿದರೆ ಮಾಸ್‌ಫೆಟ್ ತೆರೆದೊಡನೆ ಅದೇ ಶಾರ್ಟ್.

ಪಂಪಿನ ತಂತಿಯನ್ನು ಬೋರ್ಡಿನ 5 ವೋಲ್ಟ್ ಪಿನ್ನಿನಿಂದ ತೆಗೆಯದೆ ಅಡಾಪ್ಟರಿನ ಟರ್ಮಿನಲ್ಲಿನಿಂದಲೇ ಬೇರೆಯಾಗಿ ಎಳೆಯಿರಿ, ಗ್ರೌಂಡ್ ಮಾತ್ರ ಒಂದಾಗಿರಲಿ. ಮೋಟಾರು ಶುರುವಾಗುವಾಗ ಓಡುವಾಗಿನದಕ್ಕಿಂತ ಕೆಲವು ಪಟ್ಟು ಕರೆಂಟು ಎಳೆಯುತ್ತದೆ. ವೋಲ್ಟೇಜು ಕುಸಿದರೆ ಇಎಸ್‌ಪಿ32ರ ಬ್ರೌನ್‌ಔಟ್ ಕಾವಲು ಬೋರ್ಡನ್ನು ರೀಸೆಟ್ ಮಾಡುತ್ತದೆ. ಅದನ್ನು ತಡೆಯಲೆಂದೇ 1000 ಮೈಕ್ರೋಫ್ಯಾರಡ್ ಕೆಪ್ಯಾಸಿಟರನ್ನು ಬೋರ್ಡಿನ ಪಕ್ಕದಲ್ಲೇ ಕೂರಿಸಿರುವುದು.

ಕೋಡಿನ ಅತಿ ಕೆಟ್ಟ ದೋಷ ಹುಟ್ಟುವುದು ಈ ರೀಸೆಟ್ಟಿನಿಂದಲೇ. ಬೋರ್ಡು ಎದ್ದಿತು, ಮಣ್ಣು ಒಣಗಿದೆ ಎಂದು ಓದಿತು, ಪಂಪು ಹಾಕಿತು, ವೋಲ್ಟೇಜು ಕುಸಿಯಿತು, ರೀಸೆಟ್. ಮತ್ತೆ ಎದ್ದಿತು, ಮತ್ತೆ ಓದಿತು, ಮತ್ತೆ ಪಂಪು. ಪ್ರತಿ ಸುತ್ತಿಗೂ ಒಂದು ಗುಟುಕು ನೀರು, ‘ದಿನಕ್ಕೆ ಎರಡೇ’ ಎಂಬ ಎಣಿಕೆ ಪ್ರತಿ ಸಲವೂ ಸೊನ್ನೆಯಿಂದ. ಎಣಿಕೆಯನ್ನು ಸಾಧಾರಣ ವೇರಿಯಬಲ್‌ನಲ್ಲಿಟ್ಟರೆ ಹೀಗೇ ಆಗುವುದು. ಅದನ್ನು ಕರೆಂಟು ಹೋದರೂ ಅಳಿಯದ ಫ್ಲ್ಯಾಶಿನಲ್ಲಿ ಬರೆದಿಡಬೇಕು, ಅದೂ ಪಂಪು ಹಾಕುವ ಮೊದಲೇ, ನೀರು ಹೋದ ಮೇಲಲ್ಲ. ಬರೆದ ಮೇಲೆ ಪಂಪು ಓಡದೇ ಹೋದರೆ ಗಿಡಕ್ಕೆ ಒಂದು ಪಾಲು ತಪ್ಪುತ್ತದೆ, ಅಷ್ಟೇ. ದಿನಕ್ಕೆ ಎರಡು ಮೂರು ಬಾರಿ ಬರೆದರೆ ಫ್ಲ್ಯಾಶ್ ಸವೆಯುವ ಚಿಂತೆಯೂ ಇಲ್ಲ.

ಗಡಿಯಾರವನ್ನೂ ನಂಬುವಂತಿಲ್ಲ, ಬೋರ್ಡು ಸಮಯ ಕೇಳಿ ತಿಳಿಯುವುದು ಇಂಟರ್ನೆಟ್ಟಿನಿಂದ. ಕರೆಂಟು ಹೋಗಿ ಬಂದಾಗ ಬೋರ್ಡು ಕ್ಷಣದಲ್ಲಿ ಏಳುತ್ತದೆ, ರೌಟರಿಗೆ ಇನ್ನೂ ಒಂದೆರಡು ನಿಮಿಷ ಬೇಕು. ಅಲ್ಲಿಯವರೆಗೆ ಬೋರ್ಡಿನ ಪಾಲಿಗೆ ಇವತ್ತು 1970ರ ಜನವರಿ 1. ಫ್ಲ್ಯಾಶಿನಲ್ಲಿರುವ ದಿನಾಂಕಕ್ಕೂ ಇದಕ್ಕೂ ತಾಳೆಯಾಗದೆ ‘ಹೊಸ ದಿನ ಬಂತು’ ಎಂದು ಎಣಿಕೆ ಸೊನ್ನೆಯಾಗುತ್ತದೆ; ಸಮಯ ಸಿಕ್ಕ ಮೇಲೆ ಮತ್ತೊಮ್ಮೆ ಹೊಸ ದಿನ. ವರ್ಷ 2024ಕ್ಕಿಂತ ಹಿಂದಿನದಾಗಿದ್ದರೆ ನೀರೂ ಇಲ್ಲ, ಎಣಿಕೆಯೂ ಬದಲಾಗುವುದಿಲ್ಲ ಎಂಬ ಒಂದು ಷರತ್ತು ಇದನ್ನು ತಡೆಯುತ್ತದೆ.

ಕೋಡು ಎಷ್ಟೇ ಸರಿಯಿದ್ದರೂ ಸೈಫನ್ ಅದರ ಮಾತು ಕೇಳುವುದಿಲ್ಲ. ಡಬ್ಬಿಯ ನೀರಿನ ಮಟ್ಟಕ್ಕಿಂತ ಕೊಳವೆಯ ತುದಿ ಕೆಳಗಿದ್ದರೆ, ಪಂಪು ನಿಂತ ಮೇಲೂ ನೀರು ತಾನೇ ಹರಿದು ಡಬ್ಬಿ ಬರಿದಾಗುತ್ತದೆ. ಡಬ್ಬಿಯನ್ನು ಕುಂಡಕ್ಕಿಂತ ಕೆಳಗಿಡಿ. ಜಾಗವಿಲ್ಲದಿದ್ದರೆ ಡಬ್ಬಿಯೊಳಗೆ, ತುಂಬಿದ ಮಟ್ಟಕ್ಕಿಂತ ಮೇಲೆ, ಕೊಳವೆಗೆ 2 ಮಿಲಿಮೀಟರ್ ತೂತು ಕೊರೆಯಿರಿ. ಪಂಪು ಓಡುವಾಗ ಅಲ್ಲಿಂದ ಸ್ವಲ್ಪ ನೀರು ಡಬ್ಬಿಗೇ ಚಿಮ್ಮುತ್ತದೆ, ನಿಂತೊಡನೆ ಗಾಳಿ ಒಳನುಗ್ಗಿ ಸೈಫನ್ ಕಡಿಯುತ್ತದೆ. ತೂತು ಕೊರೆದ ಮೇಲೆ ಪಂಪನ್ನು ಮತ್ತೆ ಅಳೆಯಬೇಕು.

ಡಬ್ಬಿ 2 ಲೀಟರಿಗಿಂತ ದೊಡ್ಡದು ಬೇಡ ಎಂದದ್ದು ಜಿಪುಣತನದಿಂದಲ್ಲ. ಎಲ್ಲ ಕಾವಲುಗಳೂ ಒಟ್ಟಿಗೆ ಸೋತರೆ ನೆಲಕ್ಕೆ ಬರುವುದು ಹೆಚ್ಚೆಂದರೆ 2 ಲೀಟರ್, ಒಂದು ಬಟ್ಟೆಯಲ್ಲಿ ಒರೆಸಿ ಮುಗಿಸಬಹುದು. ದಿನಕ್ಕೆ 130ರಂತೆ ಎರಡು ವಾರಕ್ಕೆ ಸಾಲುತ್ತದೆ. ನಲ್ಲಿಗೆ ನೇರ ಜೋಡಿಸಿ ಸೊಲೆನಾಯ್ಡ್ ವಾಲ್ವ್ ಹಾಕುವ ಯೋಚನೆ ಎಲ್ಲರಿಗೂ ಬರುತ್ತದೆ. ಮನೆಯೊಳಗಿನ ಕುಂಡಕ್ಕೆ ಅದನ್ನು ನಾನು ಹಾಕುವುದಿಲ್ಲ.

ಬ್ಯಾಟರಿಯ ಆಸೆಯನ್ನೂ ಬಿಟ್ಟಿದ್ದೇನೆ. ಇಎಸ್‌ಪಿ32 ಚಿಪ್ಪು ಗಾಢ ನಿದ್ರೆಯಲ್ಲಿ ಸುಮಾರು 10 ಮೈಕ್ರೋಆಂಪ್ ಮಾತ್ರ ಎಳೆಯುವುದು ನಿಜ. ಆದರೆ ಸಾಮಾನ್ಯ ಬೋರ್ಡಿನ ಎಎಂಎಸ್1117 ರೆಗ್ಯುಲೇಟರ್ ಒಂದೇ ಸುಮಾರು 5 ಮಿಲಿಆಂಪ್ ನುಂಗುತ್ತದೆ, ಯುಎಸ್‌ಬಿ ಚಿಪ್ಪು ಮತ್ತು ಕೆಂಪು ದೀಪ ಬೇರೆ. ಎಲ್ಲ ಸೇರಿ 10 ಮಿಲಿಆಂಪ್ ಎಂದರೂ 2500 ಮಿಲಿಆಂಪ್ ಅವರ್ ಸೆಲ್ಲು ಹತ್ತು ದಿನ ಬರುತ್ತದೆ, ಪಂಪಿನ ಪಾಲು ಕಳೆಯದೆ.

ತಿಂಗಳಿಗೊಮ್ಮೆ ಪಂಪನ್ನು ಅಳತೆ ಪಾತ್ರೆಗೆ ಓಡಿಸಿ ನೋಡುತ್ತೇನೆ. ಮೊದಲ ಅಳತೆಗಿಂತ ಶೇಕಡಾ 20ರಷ್ಟು ಇಳಿದಿದ್ದರೆ ಪಂಪು ನೀರೆಳೆಯುವ ಬಾಯಿಗೆ ಕಟ್ಟಿದ ನೈಲಾನ್ ಬಟ್ಟೆ ತೊಳೆಯುವ ಸಮಯ. ಅದರಿಂದಲೂ ಸರಿಹೋಗದಿದ್ದರೆ ಪಂಪಿನ ಮುಂಭಾಗದ ಮುಚ್ಚಳ ಕಿತ್ತು, ತಿರುಗುವ ರೆಕ್ಕೆ ಹೊರತೆಗೆದು, ವಿನೆಗರ್ ಮತ್ತು ನೀರು ಸಮಪಾಲಿನಲ್ಲಿ ಬೆರೆಸಿ ಅರ್ಧ ಗಂಟೆ ನೆನೆಸಿದರೆ ಸುಣ್ಣದ ಪೊರೆ ಬಿಡುತ್ತದೆ. ಚೆನ್ನಾಗಿ ತೊಳೆದು, ಕೂರಿಸಿ, ಮತ್ತೆ ಐದು ಸಲ ಅಳೆದು, ಕೋಡಿನ ಸೆಕೆಂಡುಗಳನ್ನು ತಿದ್ದಬೇಕು.