ಸಿ ಭಾಷೆಯಲ್ಲಿ 2ಡಿ ಅರೇ ಫಂಕ್ಷನ್‌ಗೆ ಕಳಿಸಿದ್ದು: ನನ್ನ ಅನುಭವ

ಮಂಡ್ಯದ ಹತ್ತಿರ ನಮ್ಮ ಮಾವನ ಆಲೆಮನೆ ಇದೆ. ಮೂರು ಗದ್ದೆಗಳಿಂದ ಏಳು ದಿನ ಬಂದ ಕಬ್ಬಿನ ತೂಕ ಕೂಡಿಸಲು ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದೆ. ಮೇನ್‌ನಲ್ಲಿ ಇಂಟ್ ತೂಕ[3][7] ಎಂಬ 2ಡಿ ಅರೇ (ಸಾಲು, ಕಾಲಂ ಇರುವ ಸಂಖ್ಯೆಗಳ ಕೋಷ್ಟಕ): ಗದ್ದೆಗೊಂದು ಸಾಲು, ದಿನಕ್ಕೊಂದು ಕಾಲಂ. ಕೂಡಿಸುವ ಫಂಕ್ಷನ್‌ನಲ್ಲಿ ಅದನ್ನೇ ಇಂಟ್ **ತೂಕ ಅಂತ ತೆಗೆದುಕೊಂಡಿದ್ದೆ, ಅಂದರೆ ವಿಳಾಸಗಳ ಪಟ್ಟಿಯನ್ನು ತೋರಿಸುವ ಪಾಯಿಂಟರ್ (ಮೆಮೊರಿ ವಿಳಾಸ ಇಟ್ಟುಕೊಳ್ಳುವ ವೇರಿಯಬಲ್). ಪಾಯಿಂಟರ್ ಟೈಪ್ ಹೊಂದುತ್ತಿಲ್ಲ ಅಂತ ಕಂಪೈಲರ್ ವಾರ್ನಿಂಗ್ ಕೊಟ್ಟಿತು. ಸುಮ್ನೆ ಬಿಟ್ಟೆ. ರನ್ ಮಾಡಿದ ತಕ್ಷಣ ಸೆಗ್ಮೆಂಟೇಶನ್ ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿ ಪ್ರೋಗ್ರಾಂ ನಿಂತುಹೋಗುವುದು)!

ಇಡೀ ಸಂಜೆ ಹೋಯಿತು. ಕೊನೆಗೆ ಹಾಳೆಯ ಮೇಲೆ 21 ಮನೆ ಬರೆದು, ಒಂದೊಂದರಲ್ಲೂ ತೂಕ ತುಂಬಿ ನೋಡಿದೆ. ಮೆಮೊರಿಯಲ್ಲಿ ಆ 21 ಸಂಖ್ಯೆಗಳೂ ಒಂದರ ಪಕ್ಕ ಒಂದು ಕೂತಿರುತ್ತವೆ. ವಿಳಾಸಗಳ ಪಟ್ಟಿ ಅಲ್ಲಿ ಇಲ್ಲವೇ ಇಲ್ಲ. ನನ್ನ ಫಂಕ್ಷನ್ ಕಬ್ಬಿನ ತೂಕವನ್ನೇ ವಿಳಾಸ ಅಂತ ನಂಬಿ ಹೋಗಿತ್ತು.

ಅರೇ ಹೆಸರು ಕೊಟ್ಟರೆ ಫಂಕ್ಷನ್‌ಗೆ ಸಿಗುವುದು ಮೊದಲ ಸಾಲಿನ ವಿಳಾಸ ಮಾತ್ರ. ಮುಂದಿನ ಸಾಲಿಗೆ ಎಷ್ಟು ಮನೆ ದಾಟಬೇಕು ಅಂತ ಅದಕ್ಕೆ ಗೊತ್ತಿರಬೇಕು ಅಲ್ವಾ? ಇಂಟ್ ತೂಕ[][7] ಎಂದು ಬದಲಿಸಿದೆ. ಮೊತ್ತ ಸರಿಯಾಗಿ ಬಂತು, ತುಂಬಾ ಖುಷಿಯಾಯಿತು. ಸಾಲುಗಳ ಲೆಕ್ಕವನ್ನು ಬೇರೆ ಆರ್ಗ್ಯುಮೆಂಟ್ ಆಗಿ ಕಳಿಸಿದೆ. ಯಾಕಂದರೆ ಫಂಕ್ಷನ್ ಒಳಗೆ ಅರೇಗೆ ಸೈಜ್‌ಆಫ್ (ಅಳತೆ ಹೇಳುವ ಆಪರೇಟರ್) ಹಾಕಿದರೆ ಪಾಯಿಂಟರ್ ಅಳತೆಯಷ್ಟೇ ಸಿಗುತ್ತದೆ.

ಕಾಲಂ ಬದಲಾಗುವುದಾದರೆ ಸಿ99 (ಸಿ ಭಾಷೆಯ 1999ರ ಆವೃತ್ತಿ) ದಾರಿ ನನಗೆ ಜಾಸ್ತಿ ಇಷ್ಟ: ಇಂಟ್ ಸಾಲು, ಇಂಟ್ ಕಾಲಂ, ಇಂಟ್ ತೂಕ[ಸಾಲು][ಕಾಲಂ]. ಅಳತೆ ಮೊದಲು ಬರಬೇಕು, ಅರೇ ಆಮೇಲೆ.