ನದಿ ಹರಿದ ದಾರಿಯಲ್ಲಿ ವಲೆನ್ಸಿಯಾದ ತೋಟಗಳು

ಸ್ಪೇನ್‌ನ ವಲೆನ್ಸಿಯಾ ನಗರದ ಪಾರ್ಕ್‌ಗಳನ್ನು ನೋಡೋಕೆ ನಾನು ಪಟ್ಟಿ ಹಿಡಿದು ಓಡಾಡಲಿಲ್ಲ. ತೂರಿಯಾ ನದಿಯ ಹಳೇ ಪಾತ್ರಕ್ಕೆ ಇಳಿದು, ನೀರು ಹರಿಯುತ್ತಿದ್ದ ದಿಕ್ಕಿನಲ್ಲೇ ನಡೆದೆ. ಅಲ್ಲೀಗ ನದಿ ಇಲ್ಲ, ಊರಿನ ನಡುವೆ ಸುಮಾರು 9 ಕಿಲೋಮೀಟರ್ ಉದ್ದದ ತೋಟ ಇದೆ.

1957ರ ಅಕ್ಟೋಬರ್‌ನಲ್ಲಿ ತೂರಿಯಾ ಉಕ್ಕಿ ಊರೊಳಗೆ ನುಗ್ಗಿತು. 80ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ನದಿಯನ್ನೇ ಊರಿನ ದಕ್ಷಿಣಕ್ಕೆ ತಿರುಗಿಸಿದರು. ಖಾಲಿಯಾದ ಪಾತ್ರದಲ್ಲಿ ಹೆದ್ದಾರಿ ಬರಬೇಕಿತ್ತು. ಜನ ಒಪ್ಪಲಿಲ್ಲ. ಇದು ನಮ್ಮದು, ಹಸಿರಾಗೇ ಇರಲಿ ಅಂತ ಪಟ್ಟು ಹಿಡಿದರು. 2024ರ ಪ್ರವಾಹದಲ್ಲಿ ಹೊಸ ಕಾಲುವೆ ಹಳೇ ಊರನ್ನು ಕಾಪಾಡಿತು. ಆದರೆ ಅದರಾಚೆಗಿನ ಊರುಗಳಲ್ಲಿ ಆದ ಸಾವುನೋವು ನೆನೆದರೆ ಈಗಲೂ ಸಂಕಟ ಆಗುತ್ತದೆ.

ನೀವು ಹೋದರೆ ಪಶ್ಚಿಮದ ಕಬೆಸೆರಾ ಪಾರ್ಕ್‌ನಿಂದ ಹೊರಟು ಸಮುದ್ರದ ಕಡೆ ನಡೆಯಿರಿ. ಮಧ್ಯಾಹ್ನದ ಮೇಲಾದರೆ ಬಿಸಿಲು ಬೆನ್ನಿಗಿರುತ್ತದೆ, ಕಣ್ಣಿಗೆ ಹೊಡೆಯೋದಿಲ್ಲ. ಪಾತ್ರ ರಸ್ತೆಗಿಂತ ತುಂಬಾ ಕೆಳಗಿದೆ. ಹಾಗಾಗಿ ವಾಹನಗಳೆಲ್ಲ ತಲೆಯ ಮೇಲೆ, ಸೇತುವೆಗಳಲ್ಲಿ ಹೋಗುತ್ತವೆ. ಸೈಕಲ್ ಬಾಡಿಗೆಗೆ ಸಿಗುತ್ತದೆ, ಆದರೆ ಮಧ್ಯದ ಭಾಗವನ್ನಾದರೂ ನಡೆದೇ ನೋಡಬೇಕು. ಹಳೇ ಕಲ್ಲಿನ ಸೇತುವೆಗಳಿರೋದು ಅಲ್ಲೇ. ಅವುಗಳಲ್ಲಿ ತ್ರಿನಿದಾದ್ ಸೇತುವೆ ಎಲ್ಲಕ್ಕಿಂತ ಹಳೆಯದು, 1402ರದ್ದು. ಅದರ ಕಂಬಗಳ ಬುಡ ನೋಡಿ. ನೀರನ್ನು ಸೀಳೋಕೆ ಅಂತ ಕಲ್ಲನ್ನು ಮುಮ್ಮೂಲೆಯಾಗಿ ಕಟ್ಟಿದ್ದಾರೆ. ಹರಿವಿನ ದಿಕ್ಕಿನಲ್ಲಿ ಬಂದರೆ ಆ ಚೂಪು ಮೂತಿ ನೇರ ನಿಮ್ಮ ಎದುರಿಗೇ ಇರುತ್ತದೆ. ನಾನು ಅಲ್ಲಿ ತುಂಬಾ ಹೊತ್ತು ನಿಂತಿದ್ದೆ.

ಆ ಸೇತುವೆ ದಾಟಿದ ಮೇಲೆ ಎಡಕ್ಕೆ ಮೆಟ್ಟಿಲು ಹತ್ತಿದರೆ ವಿವೆರೋಸ್ ಪಾರ್ಕ್. ಅದು ದೊಡ್ಡದು, ನೆರಳೂ ಚೆನ್ನಾಗಿದೆ. ಆದರೆ ನನಗೆ ಜಾಸ್ತಿ ಹಿಡಿಸಿದ್ದು ಪಕ್ಕದ ಮೊನ್‌ಫೋರ್ತೆ ತೋಟ. ಚಿಕ್ಕದು, 19ನೇ ಶತಮಾನದ್ದು. ಕತ್ತರಿಸಿದ ಬೇಲಿಗಿಡ, ಅಮೃತಶಿಲೆಯ ಮೂರ್ತಿಗಳು, ಕಾಗದದ ಹೂವಿನ ಬಳ್ಳಿ ಹಬ್ಬಿದ ಉದ್ದನೆ ಚಪ್ಪರ. ಅಲ್ಲಿರುವ ಎರಡು ಕಲ್ಲಿನ ಸಿಂಹಗಳನ್ನು ಮ್ಯಾಡ್ರಿಡ್‌ನ ಸಂಸತ್ ಭವನಕ್ಕೆಂದು ಕೆತ್ತಿದ್ದರು. ಚಿಕ್ಕದಾಯ್ತು ಅಂತ ಅಲ್ಲಿ ಬೇಡ ಅಂದರು. ಈ ತೋಟಕ್ಕೆ ಅವು ಹೇಳಿ ಮಾಡಿಸಿದ ಹಾಗಿವೆ!

ಮತ್ತೆ ಪಾತ್ರಕ್ಕಿಳಿದು ಮುಂದೆ ಹೋದರೆ ಗಲಿವರ್ ಪಾರ್ಕ್. ಕುಳ್ಳರ ನಾಡಿನ ಕಥೆಯಲ್ಲಿ ಬರುವ ಗಲಿವರ್‌ನ ಹಾಗೆ ನೆಲಕ್ಕೆ ಕಟ್ಟಿಹಾಕಿದ 70 ಮೀಟರ್ ಉದ್ದದ ಮನುಷ್ಯನ ಆಕೃತಿ, 1990ರಲ್ಲಿ ಮಾಡಿದ್ದು. ಅವನ ಕೂದಲು, ಬಟ್ಟೆಯ ಮಡಿಕೆ ಎಲ್ಲವೂ ಮಕ್ಕಳಿಗೆ ಜಾರುಬಂಡೆ. ದುಡ್ಡು ಕೊಡಬೇಕಿಲ್ಲ. ಮಕ್ಕಳಿದ್ದರೆ ಬೇಸಿಗೆಯಲ್ಲಿ ಬಿಸಿಲು ಇಳಿದ ಮೇಲೇ ಕರೆದುಕೊಂಡು ಹೋಗಿ.